ಹಾಳೆಯ ಮೇಲೆ ಹೊರಿಸಿದ ಅಪವಾದ

ಅಡಿಕೆ ಹಾಳೆಯ ತಟ್ಟೆ ಬಟ್ಟಲುಗಳಿಂದ ವಿಷಾಂಶವು ಅನ್ನಕ್ಕೆ ಇಳಿಯಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರ ಮೇ ತಿಂಗಳಲ್ಲಿ ಸಾರಿದಂದಿನಿಂದ, ನಮ್ಮಲ್ಲಿಯೇ ಕೆಲವು ವಿದ್ಯಾವಂತರು ಆ ಮಾತನ್ನು ವೇದವಾಕ್ಯವೆಂಬಂತೆ ಊರೂರಿಗೆ ಹೊತ್ತು ತಿರುಗುತ್ತಿರುವುದನ್ನು ಕಂಡು ಮನಸ್ಸು ಕುದಿಯುತ್ತದೆ. ಮಲೆನಾಡಿನ ಕಾರ್ಗಲ್ಲಿನ ಆಸುಪಾಸಿನ ಅಡಿಕೆ ತೋಟಗಳಲ್ಲಿ ತಾನಾಗಿ ಕಳಚಿ ಬಿದ್ದ ಹಾಳೆಯನ್ನು ಮಳೆಗಾಲಕ್ಕೆ ಮುನ್ನ ಆಯ್ದು ಒಣಗಿಸಿ, ಬೇಕಾದಾಗ ನೀರಿನಲ್ಲಿ ನೆನೆಹಾಕಿ, ಉಜ್ಜಿ ತೊಳೆದು, ಕಾದ ಅಚ್ಚಿನ ನಡುವೆ ಒತ್ತಿ ತೆಗೆದರೆ ತಟ್ಟೆ ಸಿದ್ಧವಾಯಿತು. ಅಂಟಿಲ್ಲ, ಬಣ್ಣವಿಲ್ಲ, ಮೇಣವಿಲ್ಲ. ಉಂಡು ಎಸೆದರೆ ಅದು ಅದೇ ತೋಟದ ಬುಡದಲ್ಲಿ ಗೊಬ್ಬರವಾಗುತ್ತದೆ.

ಅಡಿಕೆಯು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆಯು 2004ರಲ್ಲಿ ಪ್ರಕಟಿಸಿತು, ನಿಜ. ಆದರೆ ವರ್ಷಗಟ್ಟಲೆ ದವಡೆಯಲ್ಲಿಟ್ಟು ಜಗಿಯುವ ಕಾಯಿಗೂ, ಅರ್ಧ ಗಂಟೆ ಅನ್ನವನ್ನು ಹೊತ್ತು ಕೂರುವ ಹಾಳೆಗೂ ಭೇದವೇ ಇಲ್ಲವೆ? ಇಷ್ಟು ಸೂಕ್ಷ್ಮ ದೃಷ್ಟಿಯುಳ್ಳ ಅದೇ ಆಡಳಿತವು, ಕಾಗದದ ಪೊಟ್ಟಣಗಳು ಎಣ್ಣೆ ಹೀರದಿರಲೆಂದು ಬಳಸುತ್ತಿದ್ದ, ಮಣ್ಣಿನಲ್ಲಾಗಲಿ ನೀರಿನಲ್ಲಾಗಲಿ ಸುಲಭವಾಗಿ ಕರಗಿ ನಾಶವಾಗದ ಪಿಎಫ್‌ಎಎಸ್ ರಾಸಾಯನಿಕಗಳಿಗೆ ದಶಕಗಳ ಕಾಲ ಅನುಮತಿಯನ್ನಿತ್ತು, ಅವು ತನ್ನ ದೇಶದ ಮಾರುಕಟ್ಟೆಯಿಂದ ತೊಲಗಿದುವೆಂದು ಘೋಷಿಸಿದ್ದು 2024ರ ಫೆಬ್ರವರಿಯಲ್ಲಿ. ಅದೂ ತಯಾರಕರು ಸ್ವಇಚ್ಛೆಯಿಂದ ಕೈಬಿಟ್ಟ ಬಳಿಕ. ಬೃಹತ್ ಕಾರ್ಖಾನೆಗಳಿಗೆ ದಶಕಗಳ ದಾಕ್ಷಿಣ್ಯ, ಮಲೆನಾಡಿನ ಬಡ ಹೆಂಗಸರ ಕೈಕಸುಬಿಗೆ ಒಂದೇ ಪ್ರಕಟಣೆಯ ಮರಣಶಾಸನ! ಈ ಇಬ್ಬಗೆಯ ನ್ಯಾಯವೇಕೆಂಬ ಒಂದು ಪ್ರಶ್ನೆಗೆ ಉತ್ತರ ಹೇಳದವರು ಹಾಳೆಯ ವಿಷಯವಾಗಿ ಬಾಯಿ ತೆರೆಯಕೂಡದು.

ಮಲೆನಾಡಿಗೆ ಇಂಥ ಅನ್ಯಾಯ ಹೊಸದಲ್ಲ. 1964ರಲ್ಲಿ ಲಿಂಗನಮಕ್ಕಿಯ ಕಟ್ಟೆ ಎದ್ದಾಗ ನಾಡಿನ ಬೆಳಕಿಗಾಗಿ ಊರುಗಳನ್ನೇ ನೀರಿಗೊಪ್ಪಿಸಿದ ಶರಾವತಿ ಕಣಿವೆಯ ಜನ ಇಂದಿಗೂ ಭೂಮಿಯ ಹಕ್ಕಿಗಾಗಿ ಅಲೆಯುತ್ತಿದ್ದಾರೆ. ತೋಟವುಳಿದವರನ್ನು ಅಡಿಕೆಗೆ ತಗಲುವ ಕೊಳೆರೋಗವೂ ಎಲೆಚುಕ್ಕಿ ರೋಗವೂ ಹಿಂಡುತ್ತಿವೆ. ಇಂಥವರಿಗೆ ಕಸವೆಂದು ಬಿದ್ದಿರುತ್ತಿದ್ದ ಹಾಳೆಯಿಂದ ನಾಲ್ಕು ಕಾಸು ಹುಟ್ಟತೊಡಗಿತ್ತು. ಪರಿಸರಸ್ನೇಹಿ ಪ್ಯಾಕೇಜಿಂಗಿನ ಆವಿಷ್ಕಾರವೆಂದು ಸಭಾಂಗಣಗಳಲ್ಲಿ ಭಾಷಣ ಮಾಡುವವರು, ಆವಿಷ್ಕಾರವು ಹಳ್ಳಿಯ ಹಿತ್ತಿಲಿನಲ್ಲಿ ಹುಟ್ಟಿದಾಗ ಅದನ್ನು ಕಾಯಲು ಬಾರದೆ ಹೋದರು. ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು ಕರ್ನಾಟಕವು 2016ರ ಮಾರ್ಚಿನಲ್ಲೇ ನಿಷೇಧಿಸಿತು. ಆದರೂ ಜೋಗದ ದಾರಿಯ ಪೊದೆಗಳಲ್ಲಿ ಪ್ರವಾಸಿಗರು ಉಂಡೆಸೆದ ಪ್ಲಾಸ್ಟಿಕ್ಕು ಕಾಣುತ್ತದೆ. ಅದರ ಮೇಲೆ ಹೂಡದ ಮೊಕದ್ದಮೆಯನ್ನು ಹಾಳೆಯ ಮೇಲೆ ಹೂಡುವುದೆ?

ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ನಮ್ಮಲ್ಲಿಯೇ ಇವೆ. ಬಿಸಿ ಸಾರು, ಮಜ್ಜಿಗೆ, ಎಣ್ಣೆಯ ಪಲ್ಯ ಇವುಗಳಿಗೆ ಹಾಳೆಯಿಂದ ಏನು ಇಳಿಯುತ್ತದೆ, ಎಷ್ಟು ಇಳಿಯುತ್ತದೆ ಎಂಬುದರ ಅಳತೆಯನ್ನು ಸರ್ಕಾರವು ಈ ಸಂಸ್ಥೆಗಳಿಂದ ಪಡೆದು, ಬೆಳೆಗಾರನಿಗೆ ಅರ್ಥವಾಗುವ ಕನ್ನಡದಲ್ಲಿ ಪ್ರಕಟಿಸಿ, ವಾಷಿಂಗ್ಟನ್ನಿನ ಮುಂದೆಯೂ ಇಡತಕ್ಕದ್ದು. ದೋಷ ಕಂಡುಬಂದರೆ ತಟ್ಟೆಯನ್ನು ತೊಳೆಯುವ, ಕಾಯಿಸುವ ಕ್ರಮವನ್ನು ತಿದ್ದಲು ಹೆಣ್ಣುಮಕ್ಕಳಿಗೆ ಹಣವನ್ನೂ ತರಬೇತಿಯನ್ನೂ ಕೊಡಲಿ; ಕಾಣದಿದ್ದರೆ ಅಮೆರಿಕವು ಹಾಳೆಯ ಮೇಲೆ ಹೇರಿದ ನಿರ್ಬಂಧವನ್ನು ತೆಗೆಯುವವರೆಗೆ ದೆಹಲಿಯು ಸುಮ್ಮನೆ ಕೂರದಿರಲಿ.