ಅಕ್ಷರವಿಲ್ಲದ ಕಲ್ಲಿಗೆ ಲೆಕ್ಕ ಇಡುವವರಾರು?

ಚಿತ್ರದುರ್ಗದ ಜನ ಕುಡಿಯುವ ನೀರಿನಲ್ಲಿ ಒಂದು ಪಾಲು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯದು. ಸರ್ಕಾರಿ ಕಾಗದಪತ್ರಗಳಲ್ಲಿ ಶಾಂತಿಸಾಗರ ಎಂದು ಕರೆಸಿಕೊಳ್ಳುವ ಈ ಕೆರೆಯ ಬಗ್ಗೆ ನಮ್ಮ ಭಾಗದವರಿಗೆ ಹೇಳಲು ಬೇಕಾದಷ್ಟಿದೆ. ಹರಿದ್ರಾ ಹೊಳೆ ಎರಡು ಗುಡ್ಡಗಳ ಸಂದಿಯಲ್ಲಿ ಹಾಯುವ ಜಾಗವನ್ನೇ ಹುಡುಕಿ ಏರಿ ಕಟ್ಟಿದ ಹಳಬರ ಜಾಣ್ಮೆ, ಕೆರೆ ಕಟ್ಟಿಸಿದಳೆನ್ನಲಾದ ರಾಜಕುಮಾರಿ ಶಾಂತವ್ವೆ, ಜಾಗ ಬಿಟ್ಟುಕೊಟ್ಟು ಹೆಸರನ್ನು ಮಾತ್ರ ಷರತ್ತಾಗಿ ಕೇಳಿದ ವೇಶ್ಯೆಯರು, ಗುಡ್ಡದ ಸಿದ್ಧೇಶ್ವರ, ಇತ್ತೀಚಿನ ಒತ್ತುವರಿ ತಕರಾರು, ಗಡಿ ಸರ್ವೆಯ ಬೇಡಿಕೆ. ಇಷ್ಟನ್ನೂ ಹೇಳುವವರನ್ನು ಆ ಏರಿಯನ್ನು ಇಬ್ಬದಿಯಲ್ಲಿ ಹಿಡಿದು ನಿಂತಿರುವ ಗುಡ್ಡಗಳ ಕಲ್ಲು ಯಾವುದು ಎಂದು ಕೇಳಿ ನೋಡಿ. ‘ಕರಿಕಲ್ಲು’ ಎನ್ನುತ್ತಾರೆ, ಇಲ್ಲವೇ ನಗುತ್ತಾರೆ.

ಮೂವತ್ತಕ್ಕೂ ಹೆಚ್ಚು ವರ್ಷ ಭೂವಿಜ್ಞಾನ ಪಾಠ ಹೇಳಿದ ನನಗೆ ಈ ನಗು ಹೊಸದಲ್ಲ. ಆದರೆ ಅದರ ಹಿಂದಿರುವ ಅಲಕ್ಷ್ಯದ ಬೆಲೆಯನ್ನು ನಾವು ತೆರತೊಡಗಿದ್ದೇವೆ ಎನ್ನಿಸುವುದರಿಂದ ಈ ಮಾತುಗಳನ್ನು ಬರೆಯಬೇಕಾಗಿದೆ.

ಈ ಭಾಗದ ಗುಡ್ಡಸಾಲುಗಳು ಬಹುಮಟ್ಟಿಗೆ ಧಾರವಾಡ ಶಿಲಾವರ್ಗಕ್ಕೆ ಸೇರಿದವು. ಆ ಹೆಸರನ್ನು ರೂಢಿಗೆ ತಂದವನು 1880ರ ದಶಕದಲ್ಲಿ ನಮ್ಮ ಸೀಮೆಯಲ್ಲಿ ಓಡಾಡಿದ ರಾಬರ್ಟ್ ಬ್ರೂಸ್ ಫೂಟ್. ಭಾರತದ ಹಳೆಯ ಶಿಲಾಯುಗದ ಆಯುಧವನ್ನು 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಗುರುತಿಸಿದವನೂ ಅವನೇ. ಈ ಶಿಲೆಗಳು ಬರಿಗಲ್ಲುಗಳಲ್ಲ. ಹೊನ್ನಾಳಿಯ ಹೆಸರಿನಲ್ಲೇ ಹೊನ್ನಿದೆ. ಹೊನ್ನಾಳಿ–ನ್ಯಾಮತಿ ಸೀಮೆಯ ಕುದುರೆಕೊಂಡದಲ್ಲಿ ಒಂದು ಕಾಲಕ್ಕೆ ಚಿನ್ನಕ್ಕಾಗಿ ಗಣಿ ತೋಡಿದ್ದರು. ಉತ್ತರಕ್ಕೆ ಕಪ್ಪತಗುಡ್ಡದ ತೊರೆಗಳಲ್ಲಿ ಮರಳು ಜಾಲಾಡಿ ಚಿನ್ನದ ಕಣ ಆಯುತ್ತಿದ್ದ ಜಾಲಗಾರರ ಕಸುಬು ಅಳಿದೇ ಹೋಯಿತು. ಪೂರ್ವಕ್ಕೆ ಚಿತ್ರದುರ್ಗಕ್ಕೆ ಹತ್ತಿರವಾಗಿ ಇಂಗಳದಾಳ್ ಇದೆ. ಅಲ್ಲಿ ಸಿಕ್ಕಿದ್ದು ತಾಮ್ರ.

ಇಂಗಳದಾಳಿನಲ್ಲಿ ಪ್ರಾಚೀನರು ತೋಡಿದ ಹಳೆಯ ಕುಳಿಗಳಿದ್ದವು. ಆ ಜಾಡನ್ನು ಹಿಡಿದೇ ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಗಣಿಗಾರಿಕೆ ನಡೆಯಿತು; ಹಟ್ಟಿ ಚಿನ್ನದ ಗಣಿ ಕಂಪನಿಯ ತಾಮ್ರ ಘಟಕವಾಗಿ ಅದು ಕೆಲಸ ಮಾಡಿತು. ಅರಸೀಕೆರೆ ತಾಲ್ಲೂಕಿನ ಕಲ್ಯಾಡಿಯಲ್ಲಿಯೂ ತಾಮ್ರ ತೆಗೆದದ್ದುಂಟು. ಎರಡೂ ಕಡೆ ಅದಿರು ತೆಗೆಯುವ ಕೆಲಸ ನಿಂತು ವರ್ಷಗಳೇ ಸಂದಿವೆ. ಇವುಗಳ ಬಗ್ಗೆ ನಮ್ಮ ಶಾಲಾ ಪುಸ್ತಕಗಳಲ್ಲಿ ಒಂದು ಸಾಲು ಸಿಕ್ಕರೆ ಹೆಚ್ಚು. ಕೋಲಾರದ ಗಣಿ 2001ರ ಫೆಬ್ರುವರಿ ಕೊನೆಯಲ್ಲಿ ಮುಚ್ಚಿದಾಗ ನಾಡೆಲ್ಲ ಮರುಗಿತು. ತಾಮ್ರ ಬಡವರ ಪಾತ್ರೆ ಅಲ್ಲವೇ, ಅದಕ್ಕೆ ಅಳುವವರು ಕಡಿಮೆ.

ನನ್ನ ಬಳಿ ಹೆಬ್ಬೆರಳಿನಷ್ಟು ದೊಡ್ಡದಾದ ಒಂದು ತಾಮ್ರದ ತುಂಡಿದೆ. ಕುಲುಮೆಯಿಂದ ಬಂದದ್ದಲ್ಲ, ನೆಲದಿಂದ ಹಾಗೆಯೇ ಬಂದದ್ದು. ಮರದ ಕೊಂಬೆಯಂತೆ ಕವಲೊಡೆದು, ಸಂದುಗಳಲ್ಲಿ ಕಿಲುಬು ಕಟ್ಟಿಕೊಂಡು, ಅಂಚಿನಲ್ಲಿ ಕೆಂಪಗೆ ಮಿನುಗುತ್ತದೆ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಯೊಬ್ಬ ಅದನ್ನು ತಂದುಕೊಟ್ಟ. ಸುಪೀರಿಯರ್ ಸರೋವರದೊಳಕ್ಕೆ ಚಾಚಿಕೊಂಡ ಕೀವೀನಾ ಪರ್ಯಾಯದ್ವೀಪ ಇಂಥ ಸಹಜ ತಾಮ್ರಕ್ಕೆ ಜಗತ್ತಿನಲ್ಲೇ ಹೆಸರಾದ ಜಾಗ. ಸುಮಾರು ನೂರಹತ್ತು ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾದ ಗುಳ್ಳೆಗಳಲ್ಲಿ, ಬಿರುಕುಗಳಲ್ಲಿ ಬಿಸಿನೀರು ತಾಮ್ರವನ್ನು ತಂದು ತುಂಬಿತು. ಗಂಧಕದ ಕೊರತೆ ಇದ್ದುದರಿಂದ ಅದು ಲೋಹವಾಗಿಯೇ ಉಳಿಯಿತು. ನಮ್ಮ ಇಂಗಳದಾಳಿನ ಕತೆ ಬೇರೆ. ಇಲ್ಲಿ ಗಂಧಕವೂ ಕಬ್ಬಿಣವೂ ತಾಮ್ರವನ್ನು ಬಿಗಿಯಾಗಿ ಹಿಡಿದುಕೊಂಡು ಚಾಲ್ಕೋಪೈರೈಟ್ ಎಂಬ ಹಿತ್ತಾಳೆ ಬಣ್ಣದ ಖನಿಜವಾಗಿವೆ. ಆ ಖನಿಜದಲ್ಲಿ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು ತಾಮ್ರವಿದ್ದರೂ ಅದು ಬಂಡೆಯಲ್ಲಿ ಚದುರಿಹೋಗಿರುವುದರಿಂದ, ನೂರು ಕಿಲೋ ಕಲ್ಲು ಒಡೆದರೆ ಕಿಲೋ ಒಂದೋ ಎರಡೋ ತಾಮ್ರ ಸಿಕ್ಕುವುದು ಇಂಥ ಗಣಿಗಳ ಹಣೆಬರಹ.

ಈ ತುಂಡನ್ನು ಹಳ್ಳಿ ಶಾಲೆಗಳಿಗೆ ಒಯ್ದಾಗಲೆಲ್ಲ ಮಕ್ಕಳು ಕೇಳುವುದು ಒಂದೇ ಪ್ರಶ್ನೆ: “ಇದು ನಮ್ಮೂರಾಗ ಸಿಗ್ತೈತಾ ಸಾರ್?” ಗಂಧಕ ಸೇರಿದ ಅದಿರು ಗಾಳಿ, ನೀರಿಗೆ ಒಡ್ಡಿಕೊಂಡಾಗ ಮೇಲ್ಪದರದಲ್ಲಿ ಸಹಜ ತಾಮ್ರದ ಹಾಳೆಯೋ ತಂತಿಯೋ ಅಲ್ಪಸ್ವಲ್ಪ ರೂಪುಗೊಳ್ಳುವುದು ಜಗತ್ತಿನ ಹಲವು ಗಣಿಗಳಲ್ಲಿ ಕಂಡದ್ದು. ಹೆಚ್ಚಾಗಿ ಕಣ್ಣಿಗೆ ಬೀಳುವುದು ಬಂಡೆಯ ಮೇಲಿನ ಹಸಿರು ಕಲೆ, ಮಾಲಕೈಟ್. ಮನೆಯ ತಾಮ್ರದ ಹಂಡೆಗೆ ಕಟ್ಟುವ ಕಿಲುಬಿಗೂ ಇದಕ್ಕೂ ಹತ್ತಿರದ ನೆಂಟಸ್ತಿಕೆ. ಇದನ್ನು ಹೇಳಿದ ಕೂಡಲೇ ಹಿಂದಿನ ಸಾಲಿನಲ್ಲಿ ಕೂತ ಹುಡುಗಿಯೊಬ್ಬಳು, ಹಾಗಾದರೆ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಬಂಡೆಯೂ ಬೆಳಗುತ್ತದೆಯೇ ಎಂದಳು. ತಾಮ್ರದ ಮಾದರಿಯನ್ನು ಆಮ್ಲದಿಂದ ತೊಳೆಯಬೇಕೋ, ಕಿಲುಬನ್ನು ಹಾಗೆಯೇ ಉಳಿಸಬೇಕೋ ಎಂಬುದು ಜಗತ್ತಿನ ಖನಿಜ ಸಂಗ್ರಾಹಕರು ಇಂದಿಗೂ ಜಗಳವಾಡುವ ವಿಷಯ. ಆ ಜಗಳದ ತಿರುಳನ್ನು ಆರನೇ ತರಗತಿಯ ಹುಡುಗಿ ಒಂದು ಪ್ರಶ್ನೆಯಲ್ಲಿ ಮುಟ್ಟಿದ್ದಳು.

ಆದರೆ ಅವಳಿಗೆ ತೋರಿಸಲು ನನ್ನಲ್ಲಿದ್ದ ತಾಮ್ರ ಮಿಷಿಗನ್ನಿನದು. ಮನೆಯಿಂದ ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳಬಹುದಾದ ದೂರದಲ್ಲಿರುವ ತಾಮ್ರದ ಅದಿರನ್ನು, ಹೆಸರು, ಜಾಗ, ಆಳ ಬರೆದ ಚೀಟಿಯೊಂದಿಗೆ ಅವಳು ನೋಡಬಹುದಾದ ಸಾರ್ವಜನಿಕ ಕಪಾಟು ಅವಳ ತಾಲ್ಲೂಕಿನಲ್ಲಿ ಇರಲಿಲ್ಲ. ನನ್ನ ವಾದದ ಬೇರು ಇರುವುದು ಇಲ್ಲಿ.

ಕಲ್ಲು ಕೂಡಿಡುವುದು ಕೆಲಸವಿಲ್ಲದವರ ಹವ್ಯಾಸ ಎಂದು ಮೂಗು ಮುರಿಯುವವರು ಒಂದು ಸಂಗತಿಯನ್ನು ಗಮನಿಸಬೇಕು. ಬಿ.ಎಲ್. ರೈಸ್ ಮೈಸೂರು ಸೀಮೆಯ ಊರೂರಿನ ಶಾಸನಗಳನ್ನು ಪ್ರತಿ ಮಾಡಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ತಂದ. ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳ ಶಾಸನಗಳು ಅದರ ಏಳನೆಯ ಸಂಪುಟದಲ್ಲಿ ಸೇರಿದವು. ಪ್ರತಿ ಕಲ್ಲಿಗೂ ತಾಲ್ಲೂಕಿನ ಹೆಸರು, ಒಂದು ಅಂಕಿ. ಇವತ್ತಿಗೂ ಸಂಶೋಧಕ ‘ಚನ್ನಗಿರಿ ಇಷ್ಟನೆಯ ಶಾಸನ’ ಎಂದರೆ ಸಾಕು, ಊರು ಯಾವುದು, ದೇವಸ್ಥಾನ ಯಾವುದು, ಕಲ್ಲು ಯಾವ ಮಗ್ಗುಲಲ್ಲಿ ನಿಂತಿತ್ತು ಎಂಬುದು ಗೊತ್ತಾಗುತ್ತದೆ. ಆ ಕಲ್ಲುಗಳಲ್ಲಿ ಎಷ್ಟೋ ಈಗ ಇಲ್ಲ, ಲೆಕ್ಕ ಉಳಿದಿದೆ. ಅಕ್ಷರ ಕೊರೆದ ಕಲ್ಲಿಗೆ ಸಂದ ಈ ಗೌರವ ಅಕ್ಷರವಿಲ್ಲದ ಕಲ್ಲಿಗೆ ಏಕೆ ಸಲ್ಲಬಾರದು? ಸಾವಿರ ವರ್ಷದ ದಾನದ ಮಾತನ್ನು ಓದಬಲ್ಲ ನಾವು ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದಿನ ಸಮುದ್ರತಳದ ಮಾತನ್ನು ಜಲ್ಲಿ ಕ್ರಷರಿಗೆ ಒಪ್ಪಿಸುತ್ತಿದ್ದೇವೆ.

ಖನಿಜದ ತುಂಡಿಗೆ ಬೆಲೆ ಬರುವುದು ಅದರ ಹೊಳಪಿನಿಂದಲ್ಲ, ಅದರ ಚೀಟಿಯಿಂದ. ಎಲ್ಲಿ, ಯಾವಾಗ, ಎಷ್ಟು ಆಳದಲ್ಲಿ, ಯಾವ ಕಲ್ಲಿನ ಒಡಲಲ್ಲಿ ಸಿಕ್ಕಿತು ಎಂಬ ನಾಲ್ಕು ಸಾಲು ಕಳೆದುಹೋದರೆ ಅದು ಕಾಗದ ಒತ್ತಿಡುವ ಕಲ್ಲು, ಅಷ್ಟೆ. ನನಗೆ ಪರಿಚಿತರಾಗಿದ್ದ ಗಣಿ ಉದ್ಯೋಗಿಯೊಬ್ಬರು ತಮ್ಮ ಸೇವೆಯುದ್ದಕ್ಕೂ ಅದಿರಿನ ಮಾದರಿಗಳನ್ನು ಆರಿಸಿ, ಪ್ರತಿಯೊಂದಕ್ಕೂ ಬಣ್ಣದಲ್ಲಿ ಅಂಕಿ ಬರೆದು, ನೋಟುಬುಕ್ಕಿನಲ್ಲಿ ವಿವರ ಬರೆದಿಟ್ಟಿದ್ದರು. ಅವರು ತೀರಿಹೋದ ಮೇಲೆ ಹೋಗಿ ನೋಡಿದರೆ ನೋಟುಬುಕ್ಕು ರದ್ದಿಗೆ ಹೋಗಿತ್ತು. ಕಲ್ಲುಗಳು ಅಂಗಳದ ತುಳಸಿ ಕಟ್ಟೆಯ ಸುತ್ತ ಅಂಚು ಕಟ್ಟಿದ್ದವು. ಅಂಕಿಗಳು ಇನ್ನೂ ಕಾಣುತ್ತಿದ್ದವು: 114, 87, 203. ಯಾವುದರ 114 ಎಂದು ಹೇಳುವವರು ಯಾರೂ ಇರಲಿಲ್ಲ. ಮನೆಯವರನ್ನು ದೂರುವಂತಿಲ್ಲ. ನನ್ನದೇ ಇನ್ನೂರು ಮಾದರಿಗಳನ್ನು ಚೀಟಿ ಸಹಿತ ಸಾರ್ವಜನಿಕ ಸಂಸ್ಥೆಯೊಂದಕ್ಕೆ ಒಪ್ಪಿಸಲು ಹೋದಾಗ, ಇಡಲು ಜಾಗವಿಲ್ಲ, ಕಪಾಟನ್ನು ನೀವೇ ಕೊಡಿಸುವುದಾದರೆ ನೋಡೋಣ ಎಂಬ ಉತ್ತರ ಸಿಕ್ಕಿತ್ತು.

ಸಂಗ್ರಹಕ್ಕೆ ಇನ್ನೊಂದು ಮುಖವೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಕೀವೀನಾ ಸೀಮೆಯ ಆಂಟನಾಗನ್ ನದಿಯ ದಡದಲ್ಲಿ ಸುಮಾರು 1,680 ಕಿಲೋ ತೂಕದ ಸಹಜ ತಾಮ್ರದ ಬಂಡೆಯೊಂದಿತ್ತು. ಅಲ್ಲಿನ ಮೂಲನಿವಾಸಿ ಒಜಿಬ್ವೆ ಜನರಿಗೆ ಅದು ಪವಿತ್ರ. 1843ರಲ್ಲಿ ಡೆಟ್ರಾಯಿಟಿನ ವ್ಯಾಪಾರಿಯೊಬ್ಬ ಅದನ್ನು ಸಾಗಿಸಿದ, ಸರ್ಕಾರ ಅವನಿಂದ ವಶಪಡಿಸಿಕೊಂಡಿತು, ಕೊನೆಗೆ ಅದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸೇರಿತು. 1990ರ ದಶಕದಲ್ಲಿ ಆ ಜನ ಅದನ್ನು ಮರಳಿ ಕೇಳಿದರೂ ಸಿಗಲಿಲ್ಲ. ದೂರ ಹೋಗಬೇಕಿಲ್ಲ, ಪುಣೆಯ ಬಳಿಯ ವಾಘೋಲಿ ಕ್ವಾರಿಗಳಲ್ಲಿ ಸಿಗುವ ಕಡುನೀಲಿ ಕ್ಯಾವನ್ಸೈಟ್ ಜಗತ್ತಿನ ಖನಿಜ ಸಂತೆಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕೂರುತ್ತದೆ. ಕಲ್ಲು ಒಡೆದ ಕೈಗೆ ಆ ಬೆಲೆಯಲ್ಲಿ ಎಷ್ಟು ಸಿಕ್ಕೀತು ಎಂಬುದನ್ನು ಯಾರೂ ಊಹಿಸಬಹುದು. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ, ಸಮುದ್ರದೊಳಗೆ ಉಕ್ಕಿದ ಲಾವಾ ದಿಂಬುಗಳ ರಾಶಿಯಂತೆ ಹೆಪ್ಪುಗಟ್ಟಿ ನಿಂತಿದೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿ ಸುತ್ತಿಗೆ ಎತ್ತುವವನು ಸಂಗ್ರಾಹಕನಲ್ಲ, ಹಂಪಿಯ ಕಂಬ ಉರುಳಿಸುವವರ ಜಾತಿಯವನು.

ಕಾನೂನು ಈ ಎರಡು ಬಗೆಯವರನ್ನು ಬೇರೆ ಮಾಡಿ ನೋಡುತ್ತದೆಯೇ? 1957ರ ಗಣಿ ಮತ್ತು ಖನಿಜ ಕಾಯ್ದೆಯ ಕಣ್ಣಿಗೆ ಕಲ್ಲು ಕಾಣುವುದು ಟನ್ನುಗಳಲ್ಲಿ, ರಾಜಧನದಲ್ಲಿ. 1972ರ ಪ್ರಾಚೀನ ವಸ್ತುಗಳ ಕಾಯ್ದೆ ಮುಖ್ಯವಾಗಿ ಮನುಷ್ಯನ ಕೈಕೆಲಸವನ್ನು ಕಾಯುತ್ತದೆ. ಕೇಂದ್ರ ಗಣಿ ಸಚಿವಾಲಯ 2022ರ ಡಿಸೆಂಬರಿನಲ್ಲಿ ಭೂಪರಂಪರೆಯ ತಾಣಗಳ ಹಾಗೂ ಅವಶೇಷಗಳ ರಕ್ಷಣೆಗೆಂದು ಮಸೂದೆಯ ಕರಡೊಂದನ್ನು ಪ್ರಕಟಿಸಿದಾಗ ನನ್ನಂಥವರು ಸಂತೋಷಪಟ್ಟದ್ದು ನಿಜ. ಓದಿದ ಮೇಲೆ ಸಂತೋಷ ಇಳಿಯಿತು. ಬಂಡೆ, ಖನಿಜ, ಉಲ್ಕೆ, ಪಳೆಯುಳಿಕೆ ಎಲ್ಲವನ್ನೂ ‘ಅವಶೇಷ’ದ ಒಂದೇ ಚೀಲಕ್ಕೆ ಹಾಕಿ, ಅಧಿಕಾರವನ್ನೆಲ್ಲ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯೊಂದರ ಕೈಗೆ ಕೊಡುವ ಏರ್ಪಾಟು ಅದು. ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಆಗಲೇ ಆಕ್ಷೇಪವೆತ್ತಿದರು. ಕಾಯ್ದೆ ಬೇಕು, ಅನುಮಾನವಿಲ್ಲ. ಆದರೆ ಗಣಿಯ ಕಸದ ರಾಶಿಯಿಂದ ಹಸಿರು ಕಲೆಯ ಚೂರೊಂದನ್ನು ಶಾಲೆಗೆ ಒಯ್ಯುವ ಹುಡುಗನನ್ನೂ, ಸ್ಮಾರಕ ಒಡೆದು ಮಾರುವ ದಲ್ಲಾಳಿಯನ್ನೂ ಒಂದೇ ಕಲಮಿನಡಿ ನಿಲ್ಲಿಸಬಲ್ಲ ಕಾಯ್ದೆ, ಹುಡುಗನನ್ನು ಹೆದರಿಸುತ್ತದೆ. ದಲ್ಲಾಳಿ ದಾರಿ ಹುಡುಕಿಕೊಳ್ಳುತ್ತಾನೆ.

ಈ ಮಾತಿಗೆ ಈಗ ಅವಸರವೂ ಒದಗಿದೆ. ಕೇಂದ್ರ ಸರ್ಕಾರ 2023ರಲ್ಲಿ ಪ್ರಕಟಿಸಿದ ಮೂವತ್ತು ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ತಾಮ್ರವೂ ಇದೆ. ಅದೇ ವರ್ಷ ಗಣಿ ಕಾಯ್ದೆಗೆ ತಂದ ತಿದ್ದುಪಡಿ ಖಾಸಗಿಯವರಿಗೆ ಅನ್ವೇಷಣೆಯ ಬಾಗಿಲು ತೆರೆಯಿತು. ವಿದ್ಯುತ್ ವಾಹನಕ್ಕೆ, ಸೌರ ಫಲಕಕ್ಕೆ, ಗಾಳಿಯಂತ್ರಕ್ಕೆ ತಾಮ್ರದ ತಂತಿ ಬೇಕೇ ಬೇಕು. ಒಂದು ಕಾಲಕ್ಕೆ ಲಾಭವಿಲ್ಲವೆಂದು ಬಿಟ್ಟ ಅದಿರು ನಾಳೆ ಲಾಭದ್ದಾಗಬಹುದು. ಆಗ ಬರುವ ಕಂಪನಿ ಮೊದಲು ಕೇಳುವುದು ಹಳೆಯ ಮಾದರಿಗಳನ್ನು, ಕೊರೆದು ತೆಗೆದ ಶಿಲಾದಂಡಗಳನ್ನು, ಹಳೆಯ ನಕ್ಷೆಗಳನ್ನು. ಹಾಗೆಯೇ ಊರವರು ಕೇಳಲೇಬೇಕಾದ ಪ್ರಶ್ನೆಗೂ ಉತ್ತರವಿರುವುದು ಅವುಗಳಲ್ಲೇ: ಗಂಧಕವಿರುವ ಕಲ್ಲಿನ ರಾಶಿ ಮಳೆಯಲ್ಲಿ ನೆನೆದರೆ ಆಮ್ಲ ಹರಿಯುತ್ತದೆ. ಅದು ಯಾವ ಹಳ್ಳಕ್ಕೆ, ಯಾವ ಕೆರೆಗೆ? ತನ್ನ ನೆಲದ ಕಲ್ಲಿನ ಪರಿಚಯವಿಲ್ಲದ ಊರು ಅಹವಾಲು ಸಭೆಯಲ್ಲಿ ಕಂಪನಿಯ ಎಂಜಿನಿಯರು ಹೇಳಿದ್ದನ್ನು ತಲೆಯಾಡಿಸಿ ಕೇಳಬೇಕಾಗುತ್ತದೆ.

ಆಗಬೇಕಾದದ್ದು ದೊಡ್ಡ ಖರ್ಚಿನದಲ್ಲ. ಚನ್ನಗಿರಿಯಲ್ಲಿ, ಹೊನ್ನಾಳಿಯಲ್ಲಿ, ಜಗಳೂರಿನಲ್ಲಿ ಸರ್ಕಾರಿ ಕಾಲೇಜಿನ ಒಂದು ಕೋಣೆ, ಬೀಗವಿರುವ ನಾಲ್ಕು ಕಪಾಟು, ದಪ್ಪ ರಟ್ಟಿನ ಒಂದು ದಾಖಲೆ ಪುಸ್ತಕ. ಮೈಸೂರು ಸಂಸ್ಥಾನ 1894ರಷ್ಟು ಹಿಂದೆಯೇ ಭೂವಿಜ್ಞಾನಕ್ಕೊಂದು ಇಲಾಖೆ ತೆರೆದಿತ್ತು. ಅದರ ಉತ್ತರಾಧಿಕಾರಿಯಾದ ಗಣಿ ಮತ್ತು ಭೂವಿಜ್ಞಾನ ಇಲಾಖೆ ತನ್ನಲ್ಲಿರುವ ಮಾದರಿಗಳಲ್ಲಿ ಆಯಾ ತಾಲ್ಲೂಕಿನ ಜೋಡಿಯೊಂದನ್ನು ಆಯಾ ತಾಲ್ಲೂಕಿಗೆ ಕೊಡಲಿ. ಮುಚ್ಚಿದ ಗಣಿಗಳ ಕಸದ ರಾಶಿಗೆ ವರ್ಷಕ್ಕೆರಡು ಸಲ ಮೇಷ್ಟರ ಜೊತೆಯಲ್ಲಿ ಮಕ್ಕಳು ಹೋಗಲು, ಅಂಗೈಗೆ ಹಿಡಿಸುವಷ್ಟನ್ನು ಆಯ್ದು ತರಲು ಬರಹದಲ್ಲಿ ಅನುಮತಿ ಸಿಗಲಿ. ಸುರಂಗಕ್ಕೆ ಇಳಿಯುವುದು ಬೇಡ. ಸ್ಮಾರಕದ ಹತ್ತಿರ ಸುತ್ತಿಗೆ ಬೇಡ. ಮಾರಾಟವಂತೂ ಬೇಡವೇ ಬೇಡ. ತಂದ ಪ್ರತಿ ಕಲ್ಲಿಗೂ ರೈಸ್ ಮಾಡಿದಂತೆ ಊರಿನ ಹೆಸರು, ಒಂದು ಅಂಕಿ.

ಇದರ ಜೊತೆಗೆ ಇನ್ನೊಂದು ಕೆಲಸವಿದೆ, ಅದನ್ನು ಈ ವರ್ಷವೇ ಶುರು ಮಾಡಬೇಕು. ಇಂಗಳದಾಳಿನ ಒಳಗೆ ದುಡಿದವರಲ್ಲಿ ಕೆಲವರು ಇನ್ನೂ ಸುತ್ತಲಿನ ಹಳ್ಳಿಗಳಲ್ಲಿದ್ದಾರೆ. ಅದಿರಿನ ಎಳೆ ಎಲ್ಲಿ ದಪ್ಪವಾಯಿತು, ಎಲ್ಲಿ ಕವಲೊಡೆಯಿತು, ಎಲ್ಲಿ ನೀರು ನುಗ್ಗಿತು ಎಂಬುದನ್ನು ಯಾವ ನಕ್ಷೆಯೂ ಇಲ್ಲದೆ ಹೇಳಬಲ್ಲವರು ಅವರು. ಕಳೆದ ಬೇಸಿಗೆಯಲ್ಲಿ ಅಂಥ ಒಬ್ಬರನ್ನು ಕಂಡು ಮಾತನಾಡಿಸಿದೆ. ಮಗಳ ನೋಟುಬುಕ್ಕಿನಿಂದ ಹಾಳೆ ಹರಿದು, ಪೆನ್ಸಿಲಿನಲ್ಲಿ ಗಣಿಯ ಅಂತಸ್ತುಗಳನ್ನು ಒಂದರ ಕೆಳಗೊಂದು ಬರೆದು ತೋರಿಸಿದರು. ಎಪ್ಪತ್ತೆಂಟು ವರ್ಷ. ಇಷ್ಟು ದಿನದಲ್ಲಿ ಯಾರಾದರೂ ಬಂದು ಇದನ್ನು ಕೇಳಿದ್ದರೇ ಎಂದೆ. ಪಿಂಚಣಿ ಕಚೇರಿಯವರು ಒಮ್ಮೆ ಬದುಕಿದ್ದೀರಾ ಎಂದು ಕೇಳಲು ಬಂದಿದ್ದರಂತೆ.