ಗಾಳಿಯ ಬಾಗಿಲು ಮತ್ತು ವೃತ್ತದ ವಿಸ್ತೀರ್ಣ

ಕಳೆದ ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಜಿಪ್ಸಿಯಲ್ಲಿ ನನ್ನನ್ನು ದೇವರಮನೆಗೆ ಕರೆದೊಯ್ದ. ಕಾಲಭೈರವೇಶ್ವರನ ದರ್ಶನ ಮುಗಿಸಿ, ಗುಡ್ಡದ ಮೇಲೆ ಮಂಜು ಸರಿಯುವುದನ್ನು ನೋಡುತ್ತ ನಿಂತಿದ್ದಾಗ ಆತ ಬಾನೆಟ್ ಎತ್ತಿ ತೋರಿಸಿದ. ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ ಅಲ್ಯೂಮಿನಿಯಂ ಎರಕದ ಒಂದು ಗಿಡ್ಡ ಕೊಳವೆ. ಅದರೊಳಗೆ ಆಕ್ಸಿಲರೇಟರ್ ಒತ್ತಿದಂತೆ ತೆರೆದುಕೊಳ್ಳುವ ದುಂಡನೆಯ ತಗಡು. ಇದಕ್ಕೆ ಥ್ರಾಟಲ್ ಬಾಡಿ ಎನ್ನುತ್ತಾರೆ. ಅದನ್ನು ಆತ ಲೇತಿನಲ್ಲಿ ಕೊರೆಸಿ ಅಗಲ ಮಾಡಿಸಿದ್ದ.

"ವ್ಯಾಸ ನೂರಕ್ಕೆ ಹತ್ತು ಹೆಚ್ಚಿದರೆ ವಿಸ್ತೀರ್ಣ ನೂರಕ್ಕೆ ಇಪ್ಪತ್ತೊಂದು ಹೆಚ್ಚುತ್ತದೆ. ನೀವೇ ಕಲಿಸಿದ್ದು ಸಾರ್" ಎಂದ.

ಮೂವತ್ತು ವರ್ಷ ಗಣಿತ, ವಿಜ್ಞಾನ ಹೇಳಿಕೊಟ್ಟವನಿಗೆ ಇದಕ್ಕಿಂತ ಸಂತೋಷದ ಮಾತು ಬೇರೆ ಯಾವುದಿದ್ದೀತು? ಪರೀಕ್ಷೆಯಲ್ಲಿ ಈ ಹುಡುಗ ವೃತ್ತದ ಲೆಕ್ಕವನ್ನು ಒಮ್ಮೆಯೂ ಸರಿ ಮಾಡಿದವನಲ್ಲ. ಆದರೆ ಆ ಸಂತೋಷ ಹಿಂತಿರುಗುವ ದಾರಿಯ ಮೂರನೆಯ ತಿರುವಿನವರೆಗೂ ಬಾಳಲಿಲ್ಲ. ಆತ ಪೆಡಲಿನಿಂದ ಕಾಲು ತೆಗೆದರೂ ಎಂಜಿನ್ನಿನ ಸದ್ದು ಇಳಿಯಲಿಲ್ಲ. ಅಗಲಿಸಿದ ರಂಧ್ರಕ್ಕೆಂದು ಹೊಸದಾಗಿ ಕತ್ತರಿಸಿದ ತಗಡಿನ ಅಂಚು ಗೋಡೆಗೆ ಕಚ್ಚಿಕೊಂಡಿತ್ತು. ಆತ ಗಾಬರಿಯಾಗದೆ ಕ್ಲಚ್ ಒತ್ತಿ, ಬೀಗದ ಕೈಯನ್ನು ಒಂದು ಹಂತ ಮಾತ್ರ ಹಿಂದಕ್ಕೆ ತಿರುಗಿಸಿ, ಬ್ರೇಕ್ ಹಿಡಿದು ಗಾಡಿಯನ್ನು ದರೆಗೆ ಒರಗಿಸಿದ. ಎದುರಿನಿಂದ ಮಕ್ಕಳಿಬ್ಬರ ಕೈ ಹಿಡಿದು ಒಬ್ಬ ತಾಯಿ ನಡೆದು ಬರುತ್ತಿದ್ದಳು. ಆಕೆಗೆ ಏನೂ ತಿಳಿಯಲಿಲ್ಲ. ನಮ್ಮನ್ನು ನೋಡಿ ನಕ್ಕು ಮುಂದೆ ಹೋದಳು.

ಅಂದು ರಾತ್ರಿ ನಿದ್ದೆ ಬಾರದೆ ಕಾಗದ ಪೆನ್ನು ಹಿಡಿದು ಕುಳಿತೆ. ಜಿಪ್ಸಿಯದು 1.3 ಲೀಟರಿನ ನಾಲ್ಕು ಹೊಡೆತದ ಎಂಜಿನ್. ಅದು ಎರಡು ಸುತ್ತಿಗೊಮ್ಮೆ ತನ್ನ ಹೊಟ್ಟೆ ತುಂಬ ಗಾಳಿ ಎಳೆದುಕೊಳ್ಳುತ್ತದೆ. ನಿಮಿಷಕ್ಕೆ 6000 ಸುತ್ತು ಎಂದರೆ ಸೆಕೆಂಡಿಗೆ ಹೆಚ್ಚೆಂದರೆ 65 ಲೀಟರ್. ರಂಧ್ರದ ವ್ಯಾಸ 40 ಮಿಲಿಮೀಟರ್ ಎಂದಿಟ್ಟುಕೊಂಡರೆ ಗಾಳಿಯ ವೇಗ ಸೆಕೆಂಡಿಗೆ ಸುಮಾರು 52 ಮೀಟರ್. ಇಷ್ಟು ವೇಗಕ್ಕೆ ಖರ್ಚಾಗುವ ಒತ್ತಡ ವಾಯುಮಂಡಲದ ಒತ್ತಡದಲ್ಲಿ ನೂರಕ್ಕೆ ಒಂದೂವರೆ ಪಾಲು ಮಾತ್ರ. 44 ಮಿಲಿಮೀಟರಿಗೆ ಅಗಲಿಸಿದರೆ ಅದು ಒಂದು ಪಾಲಿಗೆ ಇಳಿಯುತ್ತದೆ. ನಡುವೆ ಅಡ್ಡವಿರುವ ತಗಡು ಮತ್ತು ಅದರ ಕಡ್ಡಿಗಾಗಿ ಲೆಕ್ಕವನ್ನು ದುಪ್ಪಟ್ಟು ಮಾಡಿದರೂ ಉಳಿಯುವ ಲಾಭ ನೂರಕ್ಕೆ ಒಂದು. 80 ಅಶ್ವಶಕ್ತಿಯ ಲಾಯಕ್ಕೆ ಒಂದು ಕುದುರೆ ಮರಿ ಸೇರಿದಂತೆ. ಅದೂ 6000 ಸುತ್ತಿನಲ್ಲಿ! ನಮ್ಮ ಘಟ್ಟದ ದಾರಿಯಲ್ಲಿ 2000 ಸುತ್ತಿನಲ್ಲಿ ಹತ್ತುವಾಗ ಗಾಳಿಯ ವೇಗ ಮೂರನೆಯ ಒಂದು ಭಾಗ, ಒತ್ತಡದ ನಷ್ಟ ಒಂಬತ್ತನೆಯ ಒಂದು ಭಾಗ. ವಿಸ್ತೀರ್ಣ ಹೆಚ್ಚಿದ್ದು ನಿಜ. ಆದರೆ ಗಾಳಿಗೆ ಅಲ್ಲಿ ಇಕ್ಕಟ್ಟೇ ಇರಲಿಲ್ಲ. ನಾನು ಕಲಿಸಿದ್ದು ಅರ್ಧ ಪಾಠ.

"ಗಾಡಿ ಚುರುಕಾಗಿದೆ ಸಾರ್, ಕಾಲಿಗೆ ಗೊತ್ತಾಗುತ್ತದೆ" ಎಂದು ಆತ ಹೇಳಿದ್ದು ಸುಳ್ಳೇನಲ್ಲ. ಪೆಡಲನ್ನು ಮೊದಲಿನಷ್ಟೇ ಒತ್ತಿದರೂ ಈಗ ಹೆಚ್ಚು ಸಂದು ತೆರೆಯುತ್ತದೆ. ಮೊದಲು ಕಾಲನ್ನು ಇನ್ನಷ್ಟು ಒತ್ತಿದ್ದರೂ ಅದೇ ಶಕ್ತಿ ಸಿಗುತ್ತಿತ್ತು. ಇನ್ನೊಂದು ಮಾತು: ಸಾವಿರ ಮೀಟರ್ ಎತ್ತರದ ಆಸುಪಾಸಿನ ನಮ್ಮ ಗುಡ್ಡಗಳಲ್ಲಿ ಗಾಳಿಯೇ ನೂರಕ್ಕೆ ಹತ್ತರಷ್ಟು ತೆಳು. ಬಾಗಿಲನ್ನು ಎಷ್ಟು ಅಗಲ ಮಾಡಿದರೂ ಹೊರಗಿನ ಗಾಳಿ ದಪ್ಪವಾಗುವುದಿಲ್ಲ.

ಚಿಕ್ಕಮಗಳೂರಿನ ಹುಡುಗರಿಗೆ ಈ ಹುಚ್ಚು ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ. ಕಾಫಿ ತೋಟಗಳ ಮಣ್ಣು ರಸ್ತೆಗಳಲ್ಲಿ ರ‍್ಯಾಲಿ ನೋಡುತ್ತಲೇ ಬೆಳೆದವರು. ಏಷ್ಯಾ ಪೆಸಿಫಿಕ್ ಸರಣಿಯ ಕಾರುಗಳೂ ಇಲ್ಲಿ ಧೂಳೆಬ್ಬಿಸಿ ಹೋಗಿವೆ. 2016 ಮತ್ತು 2017ರಲ್ಲಿ ಗೌರವ್ ಗಿಲ್ ಆ ಸರಣಿಯ ಪ್ರಶಸ್ತಿ ಗೆದ್ದದ್ದು ಸ್ಕೋಡಾ ಫಾಬಿಯಾ ಆರ್5 ಕಾರಿನಲ್ಲಿ. ಆ ದರ್ಜೆಯ ಕಾರುಗಳ ಟರ್ಬೊ ಮುಂದೆ 32 ಮಿಲಿಮೀಟರಿನ ಕಿರಿದಾದ ಬಳೆಯೊಂದು ಕಡ್ಡಾಯ! ಗಾಳಿಯನ್ನು ಬೇಕೆಂದೇ ಕಟ್ಟಿಹಾಕುತ್ತಾರೆ. ಅಲ್ಲಿ ರಸ್ತೆ ಮುಚ್ಚಿರುತ್ತಾರೆ, ಚಾಲಕನಿಗೆ ಶಿರಸ್ತ್ರಾಣವಿರುತ್ತದೆ, ತಪಾಸಣೆ ಮಾಡುವವರಿರುತ್ತಾರೆ. ಅಂಥ ಕಡೆ ಈ ಹುಡುಗ ಏನು ಬೇಕಾದರೂ ಕೊರೆಯಲಿ, ನಾನೇ ಹೋಗಿ ಚಪ್ಪಾಳೆ ತಟ್ಟುತ್ತೇನೆ. ಭಾನುವಾರ ಊರಿಗೆ ಊರೇ ನೆರೆಯುವ ದೇವರಮನೆಯ ದಾರಿಯಲ್ಲಿ ಮಾತ್ರ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಕಾನೂನನ್ನೂ ಹೇಳಿಬಿಡುತ್ತೇನೆ: ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ತೀರ್ಪು ಕೊಟ್ಟಿದೆ. ಆದರೆ ಪೊಲೀಸರಿಗೆ ಹೆದರಿ ಬಿಡಬೇಕಾದ ಕೆಲಸ ಇದಲ್ಲ.

ಮರುದಿನ ಈ ಹಾಳೆಯನ್ನು ಅವನ ಕೈಗಿತ್ತೆ. ಬಹಳ ಹೊತ್ತು ನೋಡಿದ. ಆಮೇಲೆ ಏರ್ ಫಿಲ್ಟರ್ ಬಿಚ್ಚಿ ತಂದು ನನ್ನ ಮುಂದೆ ಹಿಡಿದ. ತೋಟದ ರಸ್ತೆಯ ಕೆಂಪು ಧೂಳು ಅಂಗುಲದಷ್ಟು ಮೆತ್ತಿಕೊಂಡಿತ್ತು. "ಇಕ್ಕಟ್ಟು ಇಲ್ಲಿತ್ತಲ್ಲ ಮಾರಾಯ" ಎಂದೆ. ಹೊಸ ಫಿಲ್ಟರ್ ಹಾಕಿಸಿ, ಗುಜರಿಯಿಂದ ಕೊರೆಯದ ಥ್ರಾಟಲ್ ಬಾಡಿಯೊಂದನ್ನು ಹುಡುಕಿ ತಂದು ಜೋಡಿಸಿದ್ದಾನೆ. ಕೊರೆದದ್ದು ಈಗ ನನ್ನ ಮೇಜಿನ ಮೇಲೆ ಹಾಳೆಗಳು ಹಾರದಂತೆ ಭಾರವಾಗಿ ಕುಳಿತಿದೆ. ನಿಮ್ಮಲ್ಲಿ ಎಂಜಿನಿಯರುಗಳಾದವರು ಅನೇಕರಿದ್ದೀರಿ. ಮೇಲಿನ ಲೆಕ್ಕದಲ್ಲಿ ತಪ್ಪಿದ್ದರೆ ಸಂಕೋಚವಿಲ್ಲದೆ ತಿದ್ದಿ ಬರೆಯಿರಿ.