ಎಣಿಕೆಗೆ ಸಿಕ್ಕದ ಕೇಳುಗ

2025ರ ಜನವರಿ ತಿಂಗಳಲ್ಲಿ ನಮ್ಮ ಕಾಲೇಜಿನ ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬ ನಾಲ್ಕು ದಿನದ ರಜೆ ಕೇಳಿ ಅರ್ಜಿ ಹಿಡಿದು ನನ್ನ ಮುಂದೆ ನಿಂತ. ಕಾರಣದ ಸಾಲಿನಲ್ಲಿ ‘ಸಂಗೀತ ಕೇಳುವ ಸಲುವಾಗಿ ಅಹಮದಾಬಾದಿಗೆ ಹೋಗಬೇಕಾಗಿದೆ’ ಎಂದು ಬರೆದಿದ್ದ. ಇಂಥ ಅರ್ಜಿಗಳಲ್ಲಿ ಜ್ವರವೋ ಸೋದರತ್ತೆಯ ಮಗಳ ಮದುವೆಯೋ ಇರುವುದು ವಾಡಿಕೆ. ಹುಡುಗ ನಿಜ ಹೇಳಿದನಲ್ಲ ಎಂಬ ಸಂತೋಷಕ್ಕೆ ಸಹಿ ಹಾಕಿದೆ. ಆದರೆ ನಗದೆ ಇರಲಾಗಲಿಲ್ಲ.

“ಹಾಡು ಕೇಳುವುದಕ್ಕೆ ಅಷ್ಟು ದೂರ ಹೋಗಬೇಕೇನಯ್ಯ? ಅಂಥದೇನಿದೆ ಆ ಹಾಡಿನಲ್ಲಿ?” ಎಂದು ಕೇಳಿದೆ.

“ಕೋಲ್ಡ್‌ಪ್ಲೇ ಸಾರ್. ಲಕ್ಷಕ್ಕೂ ಮೇಲೆ ಜನ ಸೇರುತ್ತಾರೆ” ಎಂದ.

ನಾನು ಕೇಳಿದ್ದು ಹಾಡಿನ ವಿಷಯ. ಅವನು ಹೇಳಿದ್ದು ಜನರ ಲೆಕ್ಕ. ಇದರಲ್ಲಿ ಹುಡುಗನ ತಪ್ಪೇನೂ ಇಲ್ಲ. ನಾವೆಲ್ಲರೂ ಈಗ ಹಾಗೆಯೇ ಮಾತನಾಡುತ್ತೇವೆ. ಗಾಯಕನ ಹೆಸರಿನ ಪಕ್ಕದಲ್ಲಿ ರಾಗವಿಲ್ಲ, ಸಾಹಿತ್ಯವಿಲ್ಲ. ಸೇರಿದ ಜನರ ಸಂಖ್ಯೆಯಿದೆ, ಆಟದ ಬಯಲಿನ ಹೆಸರಿದೆ, ‘ದಾಖಲೆ’ ಎಂಬ ಮಾತಿದೆ. ಮದುವೆಯ ಮನೆಯಲ್ಲಿ ಸಾವಿರ ಎಲೆ ಬಿತ್ತು ಎಂದು ಕೇಳಿದವನಿಗೆ ಹುಳಿಯ ರುಚಿ ತಿಳಿದೀತೆ? ಬೀಗರ ಕೈ ದೊಡ್ಡದು, ಚಪ್ಪರ ದೊಡ್ಡದು ಎಂಬುದಷ್ಟೇ ತಿಳಿಯುತ್ತದೆ. ಅಹಮದಾಬಾದಿನ ಕ್ರೀಡಾಂಗಣ 1,32,000 ಜನರನ್ನು ಹಿಡಿಸುವಂಥದು. ಕ್ರಿಕೆಟ್ಟಿಗಾಗಿ ಕಟ್ಟಿದವುಗಳಲ್ಲಿ ಜಗತ್ತಿನಲ್ಲಿಯೇ ದೊಡ್ಡದು. ಆ ಜನವರಿ 25 ಮತ್ತು 26ರಂದು ಅಲ್ಲಿ ಪ್ರತಿ ರಾತ್ರಿ ಲಕ್ಷಕ್ಕೂ ಮೇಲೆ ಜನ ಸೇರಿದ್ದು ನಿಜ. ಆದರೆ ಆ ದಾಖಲೆ ಹಾಡಿದವರದೋ, ಕಟ್ಟಿದವರದೋ? ಈ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಈ ಕಥೆಗೆ ಒಂದು ಮೊದಲುಂಟು. 1965ರ ಆಗಸ್ಟ್ 15ರಂದು, ನ್ಯೂಯಾರ್ಕಿನ ಷೇ ಕ್ರೀಡಾಂಗಣದಲ್ಲಿ ಇಂಗ್ಲೆಂಡಿನ ನಾಲ್ವರು ಯುವಕರು ಹಾಡಿದರು. ಅದು ಬೇಸ್‌ಬಾಲ್ ಆಟಕ್ಕಾಗಿ ಹಿಂದಿನ ವರ್ಷವಷ್ಟೇ ತೆರೆದಿದ್ದ ಬಯಲು. ಬೀಟಲ್ಸ್ ಎಂದು ಹೆಸರಾದ ಆ ನಾಲ್ವರನ್ನು ನೋಡಲು ಬಂದವರು 55,600 ಮಂದಿ. ಅಂಥ ಕಚೇರಿಗೆ ಅದುವರೆಗೆ ಅಷ್ಟು ಜನ ಸೇರಿದ್ದಿಲ್ಲ. ನೋಡಲು ಬಂದವರು ಎಂದು ಬೇಕೆಂದೇ ಬರೆದಿದ್ದೇನೆ. ಏಕೆಂದರೆ ಕೇಳುವುದು ಅಲ್ಲಿ ಯಾರಿಗೂ ಸಾಧ್ಯವಾಗಲಿಲ್ಲ. ಆಟದ ಅಂಕ ಸಾರುವುದಕ್ಕೆಂದು ಹಾಕಿದ್ದ ಧ್ವನಿವರ್ಧಕಗಳಲ್ಲಿಯೇ ಹಾಡನ್ನೂ ಹರಿಸಿದರು. ಜನರ ಕೂಗಿನಲ್ಲಿ ಅದು ಮುಳುಗಿಹೋಯಿತು. ಹಾಡುತ್ತಿದ್ದವರಿಗೆ ತಮ್ಮ ದನಿಯೇ ತಮಗೆ ಕೇಳಿಸದು! ಸುಮಾರು ಅರ್ಧ ಗಂಟೆಯಲ್ಲಿ ಎಲ್ಲವೂ ಮುಗಿಯಿತು. ಮರುವರ್ಷ 1966ರ ಆಗಸ್ಟ್ 29ರಂದು ಸಾನ್‌ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕಿನಲ್ಲಿ ಹಾಡಿ, ಅವರು ಊರೂರು ತಿರುಗಿ ಕಚೇರಿ ಮಾಡುವುದನ್ನೇ ನಿಲ್ಲಿಸಿಬಿಟ್ಟರು. ಆಮೇಲೆ ಅವರ ವಾಸ ಧ್ವನಿಮುದ್ರಣದ ಕೊಠಡಿಯಲ್ಲಿ. ಬಲ್ಲವರು ಇಂದಿಗೂ ಕೊಂಡಾಡುವ ಅವರ ಕೃತಿಗಳಲ್ಲಿ ಹಲವು ಅಲ್ಲಿ ಹುಟ್ಟಿದವು. ಅವರು ನಾಲ್ವರೂ ಜನರ ನಡುವೆ ಒಟ್ಟಾಗಿ ಕೊನೆಯ ಬಾರಿ ಹಾಡಿದ್ದು 1969ರ ಜನವರಿ 30ರಂದು, ಲಂಡನ್ನಿನ ಒಂದು ಕಟ್ಟಡದ ತಾರಸಿಯ ಮೇಲೆ. ಟಿಕೇಟು ಇರಲಿಲ್ಲ, ಕೆಳಗೆ ಬೀದಿಯಲ್ಲಿ ಹೋಗುತ್ತಿದ್ದವರು ತಲೆಯೆತ್ತಿ ಕೇಳಿದರು.

ದೊಡ್ಡ ಸಂಖ್ಯೆಯ ದಾಖಲೆಗೆ ಮೊದಲು ಕೈಹಾಕಿದವರೇ ಅದನ್ನು ಮೊದಲು ಕೈಬಿಟ್ಟವರೂ ಆದರು ಎಂದು ನನ್ನ ವಾದವನ್ನು ಇಲ್ಲಿಗೇ ಮುಗಿಸಬಹುದಾಗಿತ್ತು. ಆದರೆ ಅದು ಪೂರ್ತಿ ನ್ಯಾಯವಲ್ಲ. ಅಂದಿನ ಕೊರತೆ ಯಂತ್ರದ ಕೊರತೆ; ಅದನ್ನು ಮುಂದಿನವರು ತುಂಬಿದರು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. ವೇದಿಕೆಯಿಂದ ನೂರು ಮೀಟರು ದೂರ ಕುಳಿತವನಿಗೆ ಮದ್ದಳೆಗೆ ಬಿದ್ದ ಪೆಟ್ಟು ಕಣ್ಣಿಗೆ ಈಗ ಕಂಡರೆ ಕಿವಿಗೆ ಸೆಕೆಂಡಿನ ಮೂರನೆಯ ಒಂದು ಪಾಲು ತಡೆದು ಕೇಳುತ್ತದೆ. ಆದುದರಿಂದ ಬಯಲಿನ ನಡುನಡುವೆ ಗೋಪುರಗಳನ್ನು ನಿಲ್ಲಿಸಿ, ಅಲ್ಲಿಯ ಧ್ವನಿವರ್ಧಕಗಳನ್ನು ಅಷ್ಟೇ ಹೊತ್ತು ತಡೆದು ನುಡಿಸುತ್ತಾರೆ. ಹಿಂದಿನಿಂದ ಬರುವ ದನಿಯೂ ಹತ್ತಿರದ ದನಿಯೂ ಒಂದಾಗಿ ಸೇರುತ್ತವೆ. ಇಂದು ಕಟ್ಟಕಡೆಯ ಸಾಲಿನವನಿಗೂ ಹಾಡು ಸ್ಪಷ್ಟವಾಗಿ ಕೇಳುತ್ತದೆ. ಕಿವಿಯ ಹೆಸರಿನಲ್ಲಿ ಮಾತ್ರ ವಾದಿಸಿದರೆ ನಾನು ಸೋತೆ.

ಹಾಗಾದರೆ ಮಿಕ್ಕ ಮಾತೇನು? ಬ್ರೆಜಿಲ್ ದೇಶದ ರಿಯೋ ನಗರದ ಮರಕಾನಾ ಕ್ರೀಡಾಂಗಣವನ್ನು ನೋಡಬೇಕು. 1950ರ ವಿಶ್ವ ಫುಟ್‌ಬಾಲ್ ಪಂದ್ಯಗಳಿಗಾಗಿ ಅದನ್ನು ಕಟ್ಟಿದರು. ಆ ಜುಲೈ 16ರಂದು ಟಿಕೇಟು ಕೊಂಡು ಒಳಗೆ ಹೋದವರೇ 1,73,850 ಮಂದಿ. ಒಟ್ಟು ಎರಡು ಲಕ್ಷದ ಹತ್ತಿರ ಇದ್ದರೆಂದು ಅಂದಾಜು. ಅಂದು ಬ್ರೆಜಿಲ್ ಉರುಗ್ವೆಗೆ 2–1ರಲ್ಲಿ ಸೋತಿತು. ಮುಂದೆ ಅದೇ ಬಯಲಿಗೆ ಸಂಗೀತ ಬಂದಿತು. 1980ರಲ್ಲಿ ಫ್ರಾಂಕ್ ಸಿನಾತ್ರಾ ಹಾಡಿದಾಗ 1,75,000. 1990ರ ಏಪ್ರಿಲಿನಲ್ಲಿ ಪಾಲ್ ಮೆಕಾರ್ಟ್ನಿ ಹಾಡಿದಾಗ 1,84,000. ಈ ಮೆಕಾರ್ಟ್ನಿ ಷೇ ಕ್ರೀಡಾಂಗಣದಲ್ಲಿ ತನ್ನ ದನಿ ತನಗೆ ಕೇಳಿಸದೆ ಹಾಡಿದ ನಾಲ್ವರಲ್ಲಿ ಒಬ್ಬ.

ಮರಕಾನಾದ ಈ ದಾಖಲೆಯನ್ನು ಮರಕಾನಾದಲ್ಲಿಯೇ ಇನ್ನು ಯಾರೂ ಮುರಿಯಲಾರರು. ಹಾಡುವವರು ಬಡವಾದರೆಂದಲ್ಲ. ಆಗ ಅಲ್ಲಿ ಜನ ಒತ್ತಿಕೊಂಡು ನಿಲ್ಲುತ್ತಿದ್ದರು. 1992ರಲ್ಲಿ ಪಂದ್ಯದ ದಿನ ಮೇಲಂತಸ್ತಿನ ಕಟಕಟೆ ಮುರಿದು ಮೂವರು ಸತ್ತರು. ಮುಂದೆ ನಿಲ್ಲುವ ಜಾಗಗಳು ಹೋಗಿ ಕುರ್ಚಿಗಳು ಬಂದವು. 2014ರ ವಿಶ್ವಪಂದ್ಯಗಳ ಹೊತ್ತಿಗೆ ಒಳಗನ್ನೆಲ್ಲ ಹೊಸದಾಗಿ ಕಟ್ಟಿದರು. ಈಗ ಅಲ್ಲಿ ಹಿಡಿಸುವುದು ಸುಮಾರು 78,000. ಇಂಗ್ಲೆಂಡಿನಲ್ಲಿಯೂ ಹೀಗೆಯೇ. 1989ರ ಏಪ್ರಿಲ್ 15ರಂದು ಷೆಫೀಲ್ಡಿನ ಹಿಲ್ಸ್‌ಬರೊ ಕ್ರೀಡಾಂಗಣದ ನಿಲ್ಲುವ ಕಟ್ಟೆಯಲ್ಲಿ ನಡೆದ ನೂಕುನುಗ್ಗಲು 97 ಜನರ ಪ್ರಾಣ ತೆಗೆದುಕೊಂಡಿತು. ಅದಾದಮೇಲೆ ದೊಡ್ಡ ಕ್ರೀಡಾಂಗಣಗಳಲ್ಲಿ ಪ್ರತಿಯೊಬ್ಬನಿಗೂ ಕುರ್ಚಿ ಇರಬೇಕೆಂಬ ನಿಯಮ ಬಂದಿತು. ಕೆಲವು ದಾಖಲೆಗಳು ಮುರಿಯದೆ ಉಳಿದಿರುವುದೇ ಮನುಷ್ಯನಿಗೆ ಒಂದಿಷ್ಟು ಬುದ್ಧಿ ಬಂದುದರ ಗುರುತು.

ಜನಜಂಗುಳಿಯನ್ನು ಕಂಡರೆ ನನಗೆ ಆಗದು, ನಾಲ್ಕು ಗೋಡೆಯ ನಡುವಿನ ಗಮಕವೇ ಸಂಗೀತ ಎಂದು ನಾನು ವಾದಿಸುತ್ತಿರುವೆನೆಂದು ಓದುಗರು ತಿಳಿಯಬಾರದು. ಜನ ಒಂದೆಡೆ ಸೇರುವುದರಲ್ಲಿ ಒಂದು ಬಿಡುಗಡೆಯೂ ಉಂಟು. ಪ್ರಾಗ್ ನಗರದ ಗುಡ್ಡದ ಮೇಲೆ ಸ್ಟ್ರಾಹೊವ್ ಎಂಬ ಕ್ರೀಡಾಂಗಣವಿದೆ. ಒಂದು ಕಾಲಕ್ಕೆ ಎರಡು ಲಕ್ಷಕ್ಕೂ ಮೇಲೆ ಜನ ಹಿಡಿಸುತ್ತಿದ್ದ, ಜಗತ್ತಿನ ಅತಿ ದೊಡ್ಡ ಬಯಲು ಅದು. ಸಾಮೂಹಿಕ ಅಂಗಸಾಧನೆಯ ಉತ್ಸವಗಳಿಗಾಗಿ ಅದನ್ನು ಕಟ್ಟಿದ್ದು. 1955ರಿಂದ 1985ರವರೆಗೆ ಕಮ್ಯುನಿಸ್ಟ್ ಸರ್ಕಾರ ಅಲ್ಲಿ ಐದೈದು ವರ್ಷಕ್ಕೊಮ್ಮೆ ಸಾವಿರಾರು ಜನರನ್ನು ಸಾಲುಸಾಲಾಗಿ ನಿಲ್ಲಿಸಿ, ಒಂದೇ ಹೊತ್ತಿಗೆ ಕೈಯೆತ್ತಿಸಿ, ಒಂದೇ ಹೊತ್ತಿಗೆ ಬಾಗಿಸುತ್ತಿತ್ತು. ಮೇಲಿನಿಂದ ನೋಡುವವರಿಗೆ ಮನುಷ್ಯರು ಕಾಣಬಾರದು, ವಿನ್ಯಾಸ ಕಾಣಬೇಕು. 1989ರ ನವೆಂಬರಿನಲ್ಲಿ ಆ ಆಡಳಿತ ಕುಸಿಯಿತು. ಒಂಬತ್ತು ತಿಂಗಳು ಕಳೆದು, 1990ರ ಆಗಸ್ಟ್ 18ರಂದು ಅದೇ ಬಯಲಿನಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ಹಾಡಿತು. ಲಕ್ಷಕ್ಕೂ ಹೆಚ್ಚು ಜನ ಬಂದರು. ಅಂದು ಪ್ರತಿಯೊಬ್ಬನೂ ತನಗೆ ಹೇಗೆ ಬೇಕೋ ಹಾಗೆ ಕುಣಿದ. ಜನ ಅಷ್ಟೇ, ಬಯಲು ಅದೇ; ಎಷ್ಟು ವ್ಯತ್ಯಾಸ! ಆ ಸಂಜೆಯ ಬೆಲೆಯನ್ನು ಸಂಖ್ಯೆಯಿಂದ ಅಳೆದರೆ, ಅಂಗಸಾಧನೆಯ ಉತ್ಸವವೇ ಗೆದ್ದಿತೆಂದು ಒಪ್ಪಬೇಕಾದೀತು.

ಸಂಖ್ಯೆಯ ಹುಚ್ಚು ಮಾತ್ರ ಕಡಿಮೆಯಾಗಿಲ್ಲ. ಬಯಲು ಹಿಗ್ಗದ ಕಡೆ ರಾತ್ರಿಗಳನ್ನು ಹಿಗ್ಗಿಸಿದ್ದಾರೆ. ಲಂಡನ್ನಿನ ವೆಂಬ್ಲಿಯಲ್ಲಿ 1988ರಲ್ಲಿ ಮೈಕೇಲ್ ಜಾಕ್ಸನ್ ಏಳು ರಾತ್ರಿ ಹಾಡಿ ಒಟ್ಟು 5,04,000 ಜನರನ್ನು ಸೇರಿಸಿದ. ಹಳೆಯ ವೆಂಬ್ಲಿಯನ್ನು ಕೆಡವಿ 2007ರಲ್ಲಿ ಹೊಸದನ್ನು ತೆರೆದರು. ಅಲ್ಲಿ 2024ರಲ್ಲಿ ಟೇಲರ್ ಸ್ವಿಫ್ಟ್ ಎಂಟು ರಾತ್ರಿ, 2025ರಲ್ಲಿ ಕೋಲ್ಡ್‌ಪ್ಲೇ ಹತ್ತು ರಾತ್ರಿ. ಅಮೆರಿಕದಲ್ಲಿ 2024ರ ಜೂನ್ 15ರಂದು ಜಾರ್ಜ್ ಸ್ಟ್ರೇಟ್ ಟೆಕ್ಸಾಸಿನ ಕೈಲ್ ಫೀಲ್ಡಿನಲ್ಲಿ 1,10,905 ಜನರ ಮುಂದೆ ಹಾಡಿದ್ದು ಆ ದೇಶದ ಟಿಕೇಟು ಕಚೇರಿಗಳ ದಾಖಲೆಯಾಯಿತು. ಮರುವರ್ಷದ ಸೆಪ್ಟೆಂಬರಿನಲ್ಲಿ ಜಾಕ್ ಬ್ರಯನ್ ಮಿಷಿಗನ್ ಕ್ರೀಡಾಂಗಣದಲ್ಲಿ 1,12,408 ಜನರನ್ನು ಸೇರಿಸಿ ಅದನ್ನು ಮುರಿದ. ಎರಡಕ್ಕೂ ಇರುವ ಅಂತರ 1,503. ಒಬ್ಬನ ಹಾಡಿಗಿಂತ ಇನ್ನೊಬ್ಬನ ಹಾಡು ಸಾವಿರದ ಐನೂರ ಮೂರು ಪಾಲು ಹಿರಿದಾಯಿತೆ? ಬಯಲು ಅಷ್ಟು ಅಗಲವಾಗಿತ್ತು, ಅಷ್ಟೆ.

ಇದಿಷ್ಟೂ ವಿನೋದದ ಮಾತಾಗಿ ಉಳಿಯಬಹುದಾಗಿತ್ತು. ಉಳಿಯದಿದ್ದುದಕ್ಕೆ ಕಾರಣ ಬೇರೆ. 1979ರ ಡಿಸೆಂಬರ್ 3ರಂದು, ಅಮೆರಿಕದ ಸಿನ್ಸಿನಾಟಿಯ ಒಳಾಂಗಣ ಕ್ರೀಡಾಂಗಣವೊಂದರಲ್ಲಿ ದಿ ಹೂ ಎಂಬ ತಂಡದ ಕಚೇರಿಯಿತ್ತು. ಟಿಕೇಟುಗಳಲ್ಲಿ ಬಹುಪಾಲಿಗೆ ಗೊತ್ತಾದ ಜಾಗವಿಲ್ಲ. ಮೊದಲು ಹೋದವನಿಗೆ ಮುಂದಿನ ಸ್ಥಳ. ತೆರೆದಿದ್ದ ಬಾಗಿಲುಗಳು ಕೆಲವೇ. ಆ ನೂಕಾಟದಲ್ಲಿ 11 ಮಂದಿ ಬಾಗಿಲ ಬಳಿಯೇ ಉಸಿರುಗಟ್ಟಿ ಸತ್ತರು. ಒಳಗೆ ಕಚೇರಿ ನಡೆಯಿತು. ಹಾಡಿದವರಿಗೆ ವಿಷಯ ತಿಳಿದದ್ದು ಹಾಡು ಮುಗಿದ ಮೇಲೆ. ಗೊತ್ತಾದ ಜಾಗವಿಲ್ಲದ ಟಿಕೇಟುಗಳನ್ನು ಆ ನಗರ ಆಮೇಲೆ ನಿಷೇಧಿಸಿತು.

ಈ ಹನ್ನೊಂದರ ಸಂಖ್ಯೆಯನ್ನು ನಾನು ಓದಿ ಮರೆಯಬಹುದಾಗಿತ್ತು. ಆದರೆ 2025ರ ಜೂನ್ 3ರಂದು, ನಮ್ಮ ಹುಡುಗ ಹಾಡು ಕೇಳಿ ಬಂದಿದ್ದ ಅದೇ ಅಹಮದಾಬಾದಿನ ಬಯಲಿನಲ್ಲಿ, ಬೆಂಗಳೂರಿನ ಕ್ರಿಕೆಟ್ ತಂಡ ಹದಿನೆಂಟು ವರ್ಷ ಕಾದು ಐಪಿಎಲ್ ಕಪ್ಪನ್ನು ಮೊದಲ ಬಾರಿಗೆ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಸಂಭ್ರಮ. ಮೂವತ್ತು ನಲವತ್ತು ಸಾವಿರ ಜನರಿಗೆ ಸಾಲುವ ಸ್ಥಳ. ಸುತ್ತ ಬೀದಿಗಳಲ್ಲಿ ಲಕ್ಷಗಟ್ಟಲೆ ಜನ. ಬಾಗಿಲುಗಳ ಬಳಿ 11 ಮಂದಿ ಸತ್ತರು. ಹೆಚ್ಚಿನವರು ಎಳೆಯರು. ಅಂದು ನನ್ನ ತರಗತಿಯ ಮಕ್ಕಳು ನಾಲ್ಕೈದು ಮಂದಿ ಅಲ್ಲಿಗೆ ಹೋಗಿದ್ದಾರೆಂದು ತಿಳಿದು, ಒಬ್ಬೊಬ್ಬರ ಫೋನಿಗೂ ಕರೆ ಮಾಡುತ್ತ ಕುಳಿತೆ. ಈ ಹುಡುಗನದೇ ಕೊನೆಯವರೆಗೆ ಸಿಕ್ಕಲಿಲ್ಲ. ರಾತ್ರಿ ಒಂಬತ್ತು ದಾಟಿದ ಮೇಲೆ “ಮನೆಗೆ ಬಂದೆ ಸಾರ್” ಎಂದು ಎರಡು ಮಾತು ಬಂದಿತು. ಹಾಜರಿ ಪುಸ್ತಕದಲ್ಲಿ ಎಷ್ಟೋ ವರ್ಷದಿಂದ ಹೆಸರು ಕೂಗುತ್ತ ಬಂದಿದ್ದೇನೆ. ಒಂದು ಹೆಸರಿಗೆ ಉತ್ತರ ಬಾರದಿದ್ದರೆ ಹೇಗಾಗುತ್ತದೆಂಬುದು ಅಂದು ತಿಳಿಯಿತು.

ಅಹಮದಾಬಾದಿನಿಂದ ಬಂದಾಗ ಅವನು ಹೇಳಿದ್ದ ಮಾತೊಂದು ಆ ರಾತ್ರಿ ನೆನಪಾಯಿತು. ಅಲ್ಲಿ ಪ್ರತಿಯೊಬ್ಬರ ಕೈಗೂ ದೀಪದ ಪಟ್ಟಿ ಕಟ್ಟಿದ್ದರಂತೆ. ಎಲ್ಲಿಯೋ ಒಂದು ಕಡೆ ಕುಳಿತವರು ಗುಂಡಿ ಒತ್ತಿದರೆ ಲಕ್ಷ ಕೈಗಳೂ ಒಮ್ಮೆಗೇ ಕೆಂಪಾಗಿ, ಒಮ್ಮೆಗೇ ನೀಲಿಯಾಗಿ ಬೆಳಗುತ್ತಿದ್ದವಂತೆ. ನನಗೆ ಸ್ಟ್ರಾಹೊವ್ ನೆನಪಾಗಿ, “ಹಾಗಾದರೆ ನೀನು ಅವರ ಚಿತ್ರದ ಒಂದು ಚುಕ್ಕೆಯಾದೆಯಲ್ಲಯ್ಯ” ಎಂದಿದ್ದೆ. ಅವನು ಸ್ವಲ್ಪ ಯೋಚಿಸಿ, “ದೀಪ ಅವರದು ಸಾರ್, ಹಾಡಿದ್ದು ನಾನೇ. ಪಕ್ಕದಲ್ಲಿದ್ದವರು ಯಾರೋ ಗುಜರಾತಿನವರು. ನನಗೆ ಅವರ ಮಾತು ಬಾರದು, ಅವರಿಗೆ ನನ್ನದು ಬಾರದು. ಇಬ್ಬರಿಗೂ ಆ ಹಾಡು ಬರುತ್ತಿತ್ತು” ಎಂದ. ನನ್ನ ಮೊದಲ ಪ್ರಶ್ನೆಗೆ ಉತ್ತರ ಅದು. ಲಕ್ಷದ ಲೆಕ್ಕದಲ್ಲಿ ಅದು ಎಲ್ಲಿಯೂ ಬಾರದು.

ಆದುದರಿಂದ ನನ್ನ ಕೋರಿಕೆ ಇಷ್ಟೇ. ದೊಡ್ಡ ಬಯಲುಗಳಿರಲಿ, ಅಲ್ಲಿ ಹಾಡುವವರೂ ಬರಲಿ. ಆದರೆ ಎಷ್ಟು ಜನ ಸೇರಿದರೆಂದು ಹೆಮ್ಮೆಯಿಂದ ಸಾರುವವರು ಎಷ್ಟು ಬಾಗಿಲು ತೆರೆದಿದ್ದವು, ಎಷ್ಟು ಹೊತ್ತಿನಲ್ಲಿ ಎಲ್ಲರೂ ಹೊರಗೆ ಬಂದರು ಎಂಬುದನ್ನೂ ಅದೇ ಉಸಿರಿನಲ್ಲಿ ಸಾರಬೇಕು. ಪತ್ರಿಕೆ ಓದುವ ನಾವೂ ಅದನ್ನೇ ಮೊದಲು ಕೇಳಬೇಕು. ಒಳಗೆ ಹೋದವರ ಲೆಕ್ಕ ಟಿಕೇಟಿನಿಂದ ಸಿಕ್ಕುತ್ತದೆ. ಮನೆಗೆ ಹಿಂತಿರುಗಿದವರ ಲೆಕ್ಕವನ್ನು ಯಾರಾದರೂ ಕಾದು ಕುಳಿತು ಹಿಡಿಯಬೇಕಾಗುತ್ತದೆ.

ಈಗ ಅಂಥ ಅರ್ಜಿ ಬಂದರೆ ನಾನು ನಗುವುದಿಲ್ಲ. ಯಾವ ಬಾಗಿಲಿನಿಂದ ಹೋಗುತ್ತೀಯೆ, ಯಾರ ಜೊತೆ ಬರುತ್ತೀಯೆ ಎಂದು ಕೇಳಿ ಸಹಿ ಹಾಕುತ್ತೇನೆ. ಹಿಂತಿರುಗಿ ಬಂದಮೇಲೆ, ಎಷ್ಟು ಜನ ಎಂದು ಕೇಳದೆ, ಹಾಡು ಹೇಗಿತ್ತೆಂದು ಕೇಳುತ್ತೇನೆ.